ಸ್ಪ್ಯಾನಿಷ್ ನುಡಿಯ ನೆರೆಹೊರೆಗೆ ಸರ್ಕಾರಿ ಅನುದಾನ: ಅರ್ಜಿ ಬರೆಯುವುದರಿಂದ ಕಡತ ಕಟ್ಟಿಡುವವರೆಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಕನ್ನಡ ಕೂಟದ ಆಚೆಗೂ ಊರಿನ ಸಣ್ಣಪುಟ್ಟ ಸಂಸ್ಥೆಗಳಿಗೆ ಕೈಜೋಡಿಸುತ್ತಾರೆ. ಒಬ್ಬರು ಲೈಬ್ರರಿಯಲ್ಲಿ ಸಂಜೆ ಇಂಗ್ಲಿಷ್ ಪಾಠ ಹೇಳುತ್ತಾರೆ, ಇನ್ನೊಬ್ಬರು ಫುಡ್ ಬ್ಯಾಂಕಿನ ಲೆಕ್ಕ ನೋಡಿಕೊಳ್ಳುತ್ತಾರೆ. ಇಂಥ ಸಂಸ್ಥೆಗಳ ಬಾಗಿಲಿಗೆ ಬರುವವರಲ್ಲಿ ಹಿಸ್ಪಾನಿಕ್ ಕುಟುಂಬಗಳ ಪಾಲು ಬಹಳ ಊರುಗಳಲ್ಲಿ ದೊಡ್ಡದು. 2020ರ ಜನಗಣತಿಯಲ್ಲಿ ದೇಶದ ಹಿಸ್ಪಾನಿಕ್ ಜನಸಂಖ್ಯೆ 6.21 ಕೋಟಿ, ಅಂದರೆ ಶೇ 18.7. ಒಂದಲ್ಲ ಒಂದು ದಿನ ಸಭೆಯಲ್ಲಿ ‘ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕೋಣ, ನೀವೇ ಬರೆದುಕೊಡಿ’ ಎಂಬ ಮಾತು ಬರುತ್ತದೆ. ಲೆಕ್ಕ ಬಲ್ಲವರ ಹೆಗಲಿಗೇ ಆ ಕೆಲಸ ಬೀಳುತ್ತದೆ. ಈ ಬರಹ ಅವರಿಗಾಗಿ.

ಅನುದಾನಗಳು ನೂರೆಂಟು ಇವೆ. ಇಲ್ಲಿ ಹಿಡಿದುಕೊಂಡಿರುವುದು ಒಂದನ್ನೇ: ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್, ಎಲ್ಲರ ಬಾಯಲ್ಲಿ ಸಿಡಿಬಿಜಿ. 1974ರ ಕಾಯ್ದೆಯಿಂದ ಹುಟ್ಟಿದ ಈ ಹಣವನ್ನು ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ (ಹಡ್) ಕೊಡುತ್ತದೆ. ಹಂಚುವುದು ನಗರ, ಕೌಂಟಿ ಮತ್ತು ರಾಜ್ಯ. ಸಣ್ಣ ಸಂಸ್ಥೆಗೆ ವಾಷಿಂಗ್ಟನ್ನಿನ ಬಾಗಿಲು ತಟ್ಟುವುದಕ್ಕಿಂತ ಸಿಟಿ ಹಾಲಿನ ಮೂರನೇ ಮಹಡಿಯ ಕಚೇರಿಗೆ ಹೋಗುವುದು ಎಷ್ಟೋ ಸುಲಭ. ಇಲ್ಲಿ ಕಲಿತ ಶಿಸ್ತು ಮುಂದೆ ಬೇರೆ ಯಾವ ಅನುದಾನಕ್ಕೂ ಬೇಕಾಗುತ್ತದೆ.

ಬಾಗಿಲ ಮೇಲೆ ಜನಾಂಗದ ಹೆಸರು ಬರೆಯಬೇಡಿ

ಹೊಸಬರು ಎಡವುವುದು ಮೊದಲ ವಾಕ್ಯದಲ್ಲೇ. ‘ಈ ಕಾರ್ಯಕ್ರಮ ಹಿಸ್ಪಾನಿಕ್ ನಿವಾಸಿಗಳಿಗೆ ಮಾತ್ರ’ ಎಂದು ಬರೆದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯದ ಪ್ರಕಾರ, ಕೇಂದ್ರದ ಹಣ ಪಡೆಯುವ ಯಾವ ಕಾರ್ಯಕ್ರಮವೂ ಜನಾಂಗ, ಬಣ್ಣ ಅಥವಾ ಮೂಲ ದೇಶದ ಆಧಾರದ ಮೇಲೆ ಯಾರನ್ನೂ ಹೊರಗಿಡುವಂತಿಲ್ಲ. ಸ್ಪ್ಯಾನಿಷ್ ಮಾತಾಡುವ ಮಹಿಳೆಗೆ ರಕ್ಷಣೆ ಕೊಡುವುದೂ ಇದೇ ಕಾನೂನು, ಅವಳ ಪಕ್ಕದ ಮನೆಯ ವಿಯೆಟ್ನಾಮಿ ಅಜ್ಜನನ್ನು ತರಗತಿಯಿಂದ ವಾಪಸ್ ಕಳಿಸಬಾರದು ಎನ್ನುವುದೂ ಇದೇ ಕಾನೂನು.

ಹಾಗಾದರೆ ಹಿಸ್ಪಾನಿಕ್ ಜನರಿಗೆ ಸೇವೆ ತಲುಪಿಸುವುದು ಹೇಗೆ? ಅರ್ಹತೆಯನ್ನು ಆದಾಯ, ವಾಸದ ಪ್ರದೇಶ ಮತ್ತು ಬೇಕಾದ ಸೇವೆಯ ಮೇಲೆ ಕಟ್ಟಿ. ತಲುಪುವ ದಾರಿಯನ್ನು ಸ್ಪ್ಯಾನಿಷ್ ಮನೆಗಳಿಗೆ ಹೊಂದಿಸಿ. ‘ನಗರದಲ್ಲಿ ವಾಸಿಸುವ, ಆದಾಯದ ಮಿತಿಯೊಳಗಿನ, ಇಂಗ್ಲಿಷ್ ಕಲಿಯಬಯಸುವ ಯಾವುದೇ ವಯಸ್ಕರಿಗೆ ಪ್ರವೇಶವಿದೆ. ಪ್ರಚಾರ, ನೋಂದಣಿ ಮತ್ತು ಸಹಾಯ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಲಭ್ಯ’ ಎಂದು ಬರೆದರೆ ಕಾನೂನೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಕರಪತ್ರವನ್ನು ಮೆಕ್ಸಿಕನ್ ದಿನಸಿ ಅಂಗಡಿಯಲ್ಲಿ, ಸ್ಪ್ಯಾನಿಷ್ ಪ್ರಾರ್ಥನೆ ನಡೆಯುವ ಚರ್ಚಿನಲ್ಲಿ, ಲಾಂಡ್ರೊಮ್ಯಾಟ್‌ನಲ್ಲಿ ಅಂಟಿಸಿದರೆ ಬರುವವರು ಬಂದೇ ಬರುತ್ತಾರೆ.

2025ರಿಂದ ಈ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆ ವರ್ಷದ ಜನವರಿ 21ರ ಅಧ್ಯಕ್ಷೀಯ ಆದೇಶ 14173, ಕೇಂದ್ರದ ಅನುದಾನ ಪಡೆಯುವವರಿಂದ ‘ತಾರತಮ್ಯ ನಿಷೇಧ ಕಾನೂನುಗಳನ್ನು ಮುರಿಯುವ ಯಾವ ಕಾರ್ಯಕ್ರಮವನ್ನೂ ನಡೆಸುತ್ತಿಲ್ಲ’ ಎಂಬ ದೃಢೀಕರಣ ಕೇಳುವಂತೆ ಹೇಳಿತು. ಅದನ್ನು ಸುಳ್ಳು ಹೇಳಿ ಸರ್ಕಾರದ ಹಣ ಪಡೆದವರನ್ನು ಹಿಡಿಯುವ ಸುಳ್ಳು ಕ್ಲೇಮು ಕಾಯ್ದೆಯೊಂದಿಗೂ ಜೋಡಿಸಿತು. ಹಾಗಾಗಿ ಕರಾರಿನ ಹಿಂದೆ ಲಗತ್ತಿಸಿದ ಷರತ್ತುಗಳನ್ನು ಓದದೆ ಸಂಸ್ಥೆಯ ಅಧ್ಯಕ್ಷರು ಸಹಿ ಹಾಕುವ ಹಳೆಯ ಅಭ್ಯಾಸ ಇನ್ನು ನಡೆಯದು. ಆಡಳಿತ ಮಂಡಳಿಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ವಕೀಲರಿಗೆ ತೋರಿಸಿ, ನಡಾವಳಿಯಲ್ಲಿ ದಾಖಲಿಸಿ. 2025ರ ಮಾರ್ಚ್ 1ರ ಆದೇಶ 14224 ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಸಾರಿ, ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಭಾಷಾ ನೆರವು ಕೊಡುವ ಕುರಿತಾದ 2000ದ ಆದೇಶವನ್ನು ರದ್ದು ಮಾಡಿತು. ಆರನೇ ಅಧ್ಯಾಯ ಮಾತ್ರ ಹಾಗೇ ಉಳಿದಿದೆ. ನಗರವೇ ಅನುವಾದ ಮಾಡಿಕೊಡುತ್ತದೆ ಎಂದು ಕಾಯಬೇಡಿ, ಆ ಖರ್ಚನ್ನು ನಿಮ್ಮ ಬಜೆಟ್ಟಿನಲ್ಲೇ ಹಾಕಿಕೊಳ್ಳಿ.

ಹೆಜ್ಜೆ 1: ನಿಮ್ಮ ಊರಿಗೆ ಹಣ ಯಾವ ದಾರಿಯಿಂದ ಬರುತ್ತದೆ ನೋಡಿ

ಮಹಾನಗರ ಪ್ರದೇಶದ ಮುಖ್ಯ ನಗರಗಳು, ಅಂಥ ಪ್ರದೇಶದ 50,000ಕ್ಕೂ ಹೆಚ್ಚು ಜನರಿರುವ ನಗರಗಳು ಮತ್ತು 2,00,000 ಮೀರಿದ ಜನರಿರುವ ಅರ್ಹ ನಗರ ಕೌಂಟಿಗಳು ಹಡ್‌ನಿಂದ ನೇರವಾಗಿ ವಾರ್ಷಿಕ ಪಾಲು ಪಡೆಯುತ್ತವೆ. ಅಲ್ಲಿ ನಿಮ್ಮ ಸಂಸ್ಥೆ ನಗರಕ್ಕೋ ಕೌಂಟಿಗೋ ಅರ್ಜಿ ಹಾಕಿ ‘ಉಪ-ಅನುದಾನಿತ’ ಆಗುತ್ತದೆ. ಊರು ಚಿಕ್ಕದಾಗಿದ್ದರೆ ಹಣ ರಾಜ್ಯದ ಕೈಯಲ್ಲಿರುತ್ತದೆ, ಮತ್ತು ರಾಜ್ಯಕ್ಕೆ ಅರ್ಜಿ ಹಾಕಬಲ್ಲದ್ದು ಸ್ಥಳೀಯ ಸರ್ಕಾರ ಮಾತ್ರ. ನೇರವಾಗಿ ರಾಜ್ಯಕ್ಕೆ ಬರೆದು ಆರು ತಿಂಗಳು ಉತ್ತರಕ್ಕೆ ಕಾಯುವವರು ಈ ಒಂದು ನಿಯಮ ತಿಳಿಯದೆ ಕೆಟ್ಟಿರುತ್ತಾರೆ. ಊರಿನ ಕೌನ್ಸಿಲ್ಲನ್ನು ಒಪ್ಪಿಸಿ ಅವರ ಹೆಸರಿನಲ್ಲಿ ಅರ್ಜಿ ಹೋಗುವಂತೆ ಮಾಡಬೇಕು. ಟೆಕ್ಸಸ್, ಅರಿಜೋನಾ, ನ್ಯೂ ಮೆಕ್ಸಿಕೊ, ಕ್ಯಾಲಿಫೋರ್ನಿಯಾಗಳಲ್ಲಿ ಮೆಕ್ಸಿಕೊ ಗಡಿಯಿಂದ 150 ಮೈಲಿಯೊಳಗೆ ‘ಕೊಲೋನಿಯಾ’ಗಳೆಂಬ ವಸತಿಗಳಿವೆ. ಕುಡಿಯುವ ನೀರು, ಒಳಚರಂಡಿ, ಗಟ್ಟಿ ಮನೆ ಇಲ್ಲದ ಇವುಗಳಿಗಾಗಿ ಈ ನಾಲ್ಕು ರಾಜ್ಯಗಳು ತಮ್ಮ ಪಾಲಿನಲ್ಲಿ ಶೇ 10ರವರೆಗೆ ಬೇರೆ ಎತ್ತಿಡಬೇಕು. ಅಂಥ ಕಡೆ ಕೆಲಸ ಮಾಡುವವರು ಆ ಪಾಲನ್ನು ಕೇಳಿ ಪಡೆಯಿರಿ.

ಮುಂದಿನದು ಪಾತ್ರೆಯ ಅಳತೆ. ಇಂಗ್ಲಿಷ್ ತರಗತಿ, ಉದ್ಯೋಗ ತರಬೇತಿ, ಮಕ್ಕಳ ಆರೈಕೆ, ಆರೋಗ್ಯ ಸಲಹೆಗಳೆಲ್ಲ ‘ಸಾರ್ವಜನಿಕ ಸೇವೆ’ ಎಂಬ ತಲೆಬರಹದಡಿ ಬರುತ್ತವೆ. ಈ ತಲೆಬರಹಕ್ಕೆ ನಗರ ತನ್ನ ಸಿಡಿಬಿಜಿ ಹಣದ ಸುಮಾರು ಶೇ 15ನ್ನು ಮಾತ್ರ ಕೊಡಬಹುದು. ನಗರಕ್ಕೆ 30 ಲಕ್ಷ ಡಾಲರ್ ಬಂದರೆ ಸೇವೆಗೆ ಸಿಗುವುದು ನಾಲ್ಕೂವರೆ ಲಕ್ಷ, ಅದಕ್ಕೆ ಊರಿನ ಸಂಸ್ಥೆಗಳೆಲ್ಲ ಸಾಲಿನಲ್ಲಿ. 10 ಲಕ್ಷ ಬರುವ ಊರಲ್ಲಿ ಒಂದೂವರೆ ಲಕ್ಷ ಅಷ್ಟೇ. ಕಳೆದ ವರ್ಷದ ಕ್ರಿಯಾ ಯೋಜನೆ ನಗರದ ಜಾಲತಾಣದಲ್ಲಿ ಇರುತ್ತದೆ. ಯಾವ ಸಂಸ್ಥೆಗೆ ಎಷ್ಟು ಕೊಟ್ಟರು ಎಂದು ಅದರಲ್ಲಿ ನೋಡಿಕೊಂಡೇ ನಿಮ್ಮ ಮೊತ್ತ ನಿರ್ಧರಿಸಿ.

ಹೆಜ್ಜೆ 2: ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ

ಹಲವು ನಗರಗಳ ಅನುದಾನ ವರ್ಷ ಜುಲೈ 1ಕ್ಕೋ ಅಕ್ಟೋಬರ್ 1ಕ್ಕೋ ಶುರು. ವರ್ಷ ಶುರುವಾಗುವ 45 ದಿನ ಮೊದಲು ನಗರ ತನ್ನ ಯೋಜನೆಯನ್ನು ಹಡ್‌ಗೆ ಸಲ್ಲಿಸುವುದು ನಿಯಮ. ಅದಕ್ಕೂ ಮೊದಲು ಜನರ ಅಭಿಪ್ರಾಯಕ್ಕೆ 30 ದಿನ ಬಿಡಬೇಕು, ವರ್ಷಕ್ಕೆ ಕನಿಷ್ಠ ಎರಡು ಸಾರ್ವಜನಿಕ ವಿಚಾರಣೆ ನಡೆಸಬೇಕು. ಹೀಗೆ ಎಣಿಸುತ್ತ ಹೋದರೆ ಜುಲೈ ವರ್ಷದ ನಗರದಲ್ಲಿ ಅರ್ಜಿ ಕರೆಯುವುದು ಡಿಸೆಂಬರಿನಿಂದ ಫೆಬ್ರುವರಿಯ ಆಸುಪಾಸು. ಮಾರ್ಚಿನಲ್ಲಿ ಎಚ್ಚೆತ್ತವರಿಗೆ ಮುಂದಿನ ವರ್ಷವೇ ಗತಿ.

ಮೊದಲ ವಿಚಾರಣೆ ನಡೆಯುವುದು ಊರಿನ ಅಗತ್ಯಗಳೇನು ಎಂದು ಕೇಳಲಿಕ್ಕೆ. ಇದನ್ನು ತಪ್ಪಿಸಬೇಡಿ. ಇಂಗ್ಲಿಷ್ ಬಾರದವರು ಗಣನೀಯ ಸಂಖ್ಯೆಯಲ್ಲಿ ಬರುವ ನಿರೀಕ್ಷೆ ಇದ್ದರೆ ಅವರಿಗೆ ಹೇಗೆ ಅನುಕೂಲ ಮಾಡಿಕೊಡುತ್ತೇವೆ ಎಂದು ನಗರ ತನ್ನ ನಾಗರಿಕ ಭಾಗವಹಿಸುವಿಕೆ ಯೋಜನೆಯಲ್ಲಿ ಬರೆದಿರುತ್ತದೆ. ಆ ಪುಟ ತೆಗೆದು ಓದಿ, ವಾರ ಮೊದಲೇ ಲಿಖಿತವಾಗಿ ದುಭಾಷಿಯನ್ನು ಕೇಳಿ. ಮೂರು ತಾಯಂದಿರು ತಮ್ಮದೇ ಮಾತಿನಲ್ಲಿ ತಲಾ ಎರಡು ನಿಮಿಷ ಹೇಳಿದ್ದು ನಗರದ ದಾಖಲೆಯಲ್ಲಿ ಸೇರುತ್ತದೆ. ಐದು ವರ್ಷಗಳ ಸಮಗ್ರ ಯೋಜನೆಯಲ್ಲಿ ‘ವಯಸ್ಕರ ಇಂಗ್ಲಿಷ್ ಕಲಿಕೆ’ ಆದ್ಯತೆ ಎಂದು ಒಮ್ಮೆ ಸೇರಿಬಿಟ್ಟರೆ ಮುಂದಿನ ಪ್ರತಿ ಅರ್ಜಿಗೂ ಅದೇ ಆಧಾರ.

ಹೆಜ್ಜೆ 3: ಸಂಸ್ಥೆಯ ಕಾಗದಪತ್ರ

ಕೇಂದ್ರದ ತೆರಿಗೆ ಇಲಾಖೆಯಿಂದ ಲಾಭರಹಿತ ಸಂಸ್ಥೆ ಎಂಬ 501(ಸಿ)(3) ಮಾನ್ಯತೆ ಬೇಕು. ವಾರ್ಷಿಕ ಆದಾಯ 50,000 ಡಾಲರಿನೊಳಗೆ, ಆಸ್ತಿ 2,50,000ದೊಳಗೆ ಇರುವ ಸಂಸ್ಥೆಗಳು ಸಾಮಾನ್ಯವಾಗಿ 1023-ಇಝಡ್ ಅರ್ಜಿ ಹಾಕಬಹುದು, ಶುಲ್ಕ 275 ಡಾಲರ್. ಪೂರ್ಣ 1023 ಅರ್ಜಿಗೆ 600. ತೆರಿಗೆ ಇಲಾಖೆಗೆ ಪ್ರತಿವರ್ಷ 990 ಸರಣಿಯ ವಿವರ ಸಲ್ಲಿಸಬೇಕು. ಸತತ ಮೂರು ವರ್ಷ ಬಿಟ್ಟರೆ ಮಾನ್ಯತೆ ತಾನೇ ರದ್ದಾಗುತ್ತದೆ. ಎಷ್ಟೋ ಸಣ್ಣ ಸಂಸ್ಥೆಗಳಿಗೆ ಇದು ಗೊತ್ತಾಗುವುದು ಅನುದಾನದ ಅರ್ಜಿ ಹಾಕಿದ ದಿನವೇ. ಮಾನ್ಯತೆ ಇನ್ನೂ ಬಂದಿಲ್ಲವೆಂದರೆ ಹಳೆಯ ಸಂಸ್ಥೆಯೊಂದನ್ನು ಹಣಕಾಸು ಪ್ರಾಯೋಜಕರಾಗಿ ಕೇಳಿಕೊಳ್ಳಿ. ಆಗ ಕರಾರು ಅವರ ಹೆಸರಿನಲ್ಲಿ ಇರುತ್ತದೆ, ಲೆಕ್ಕದ ಹೊಣೆಯೂ ಅವರದೇ.

ಸ್ಯಾಮ್ ಡಾಟ್ ಗವ್ (sam.gov) ಎಂಬ ಕೇಂದ್ರ ಸರ್ಕಾರದ ನೋಂದಣಿ ತಾಣದಲ್ಲಿ 12 ಅಕ್ಷರ-ಅಂಕಿಗಳ ಯುಇಐ ಗುರುತು ಪಡೆಯಿರಿ. 2022ರ ಏಪ್ರಿಲ್ 4ರಿಂದ ಹಳೆಯ ಡನ್ಸ್ ಸಂಖ್ಯೆಯ ಜಾಗಕ್ಕೆ ಇದೇ ಬಂದಿದೆ. ಉಪ-ಅನುದಾನಿತರಿಗೆ ಕೇಂದ್ರದ ನಿಯಮದಂತೆ ಈ ಗುರುತು ಸಾಕು, ಆದರೆ ಪೂರ್ಣ ನೋಂದಣಿ ಕೇಳುವ ನಗರಗಳೂ ಉಂಟು. ಇಲ್ಲಿ ಕೆಲಸ ಕೆಡುವುದು ಹೆಸರು, ವಿಳಾಸದ ಹೊಂದಾಣಿಕೆಯಲ್ಲಿ. ರಾಜ್ಯದ ನೋಂದಣಿ ಪತ್ರದಲ್ಲಿ ‘ಇಂಕ್.’ ಎಂದಿದ್ದು ಬ್ಯಾಂಕಿನ ಕಾಗದದಲ್ಲಿ ಇಲ್ಲದಿದ್ದರೆ, ಒಂದರಲ್ಲಿ ‘ಸ್ಟ್ರೀಟ್’ ಇನ್ನೊಂದರಲ್ಲಿ ‘ಅವೆನ್ಯೂ’ ಇದ್ದರೆ, ವಾರಗಟ್ಟಲೆ ಹಿಂದೆಮುಂದೆ ಓಡಾಟ. ಅಂಚೆ ಪೆಟ್ಟಿಗೆಯ ವಿಳಾಸ ನಡೆಯದು, ನಿಜವಾದ ಕಟ್ಟಡದ ವಿಳಾಸ ಬೇಕು. ನೋಂದಣಿ ಉಚಿತ, ವರ್ಷಕ್ಕೊಮ್ಮೆ ನವೀಕರಣ. ‘ನಿಮ್ಮ ನೋಂದಣಿ ಮುಗಿಯುತ್ತಿದೆ, ಇಷ್ಟು ಡಾಲರ್ ಕಟ್ಟಿ’ ಎಂದು ಬರುವ ಇಮೇಲುಗಳಿಗೆ ಬಿಡಿಗಾಸನ್ನೂ ಕೊಡಬೇಡಿ.

ಚರ್ಚುಗಳೂ ಅರ್ಜಿ ಹಾಕಬಹುದು. ಸ್ಪ್ಯಾನಿಷ್ ಕುಟುಂಬಗಳಿಗೆ ನಂಬಿಕೆಯ ಜಾಗ ಎಂದರೆ ಹಲವೆಡೆ ಚರ್ಚಿನ ಸಭಾಂಗಣವೇ. ಆದರೆ ಅನುದಾನದ ಹಣದಲ್ಲಿ ಪ್ರಾರ್ಥನೆ, ಧರ್ಮಬೋಧೆ ನಡೆಯುವಂತಿಲ್ಲ. ಅವು ಬೇರೆ ಹೊತ್ತಿನಲ್ಲೋ ಬೇರೆ ಕೋಣೆಯಲ್ಲೋ ನಡೆಯಬೇಕು, ಬರುವುದು ಬಿಡುವುದು ಕಲಿಯುವವರ ಇಷ್ಟ.

ಹೆಜ್ಜೆ 4: ಅಂಕಿ-ಅಂಶ

‘ಹಿಸ್ಪಾನಿಕ್’ ಎಂದರೆ ಯಾರು ಎಂಬುದನ್ನು ಮೊದಲು ಸರಿಯಾಗಿ ತಿಳಿಯಿರಿ. ಜನಗಣತಿಯಲ್ಲಿ ಈವರೆಗೆ ಅದು ಜನಾಂಗವಲ್ಲ, ಮೂಲ. ಒಬ್ಬರು ಹಿಸ್ಪಾನಿಕ್ ಆಗಿದ್ದು ಬಿಳಿಯರೂ, ಕಪ್ಪು ವರ್ಣದವರೂ, ಮೂಲನಿವಾಸಿಗಳೂ ಆಗಿರಬಹುದು. 2024ರ ಮಾರ್ಚಿನಲ್ಲಿ ಕೇಂದ್ರದ ಬಜೆಟ್ ಕಚೇರಿ ಎರಡು ಪ್ರಶ್ನೆಗಳನ್ನು ಒಂದಾಗಿಸುವ ಹೊಸ ಮಾನದಂಡ ಹೊರಡಿಸಿತು. ಆದರೂ ನಿಮ್ಮ ನಗರ ಕೊಟ್ಟ ನಮೂನೆಯಲ್ಲಿ ಎರಡೂ ಬೇರೆ ಬೇರೆ ಇದ್ದರೆ ಹಾಗೆಯೇ ತುಂಬಿ. ಇನ್ನೊಂದು ಸೂಕ್ಷ್ಮ, ಕನ್ನಡಿಗರಿಗೆ ಬೇಗ ಅರ್ಥವಾಗುವಂಥದ್ದು. ತುಳು, ಕೊಡವ, ಬ್ಯಾರಿ ಮನೆಮಾತಿನವರನ್ನು ಹೊರಗಿನವರು ಸುಮ್ಮನೆ ಕನ್ನಡದವರು ಎಂದುಬಿಡುತ್ತಾರಲ್ಲ, ಹಾಗೆಯೇ ಗ್ವಾಟೆಮಾಲಾದಿಂದ ಬಂದ ಮಾಮ್, ಕಿಚೆ ನುಡಿಯವರು, ಮೆಕ್ಸಿಕೊದ ಓಹಾಕದಿಂದ ಬಂದ ಮಿಶ್ಟೆಕ್ ನುಡಿಯವರು ಎಲ್ಲರೂ ಸ್ಪ್ಯಾನಿಷರೆಂದೇ ಲೆಕ್ಕ. ಅವರಲ್ಲಿ ಹಲವರಿಗೆ ಸ್ಪ್ಯಾನಿಷ್ ಕಲಿತ ಭಾಷೆ. ಸ್ಪ್ಯಾನಿಷ್ ಕರಪತ್ರ ಮುದ್ರಿಸಿದರೂ ಅವರಿಗೆ ತಲುಪದಿರಬಹುದು. ನಿಮ್ಮ ಊರಲ್ಲಿ ಅವರಿದ್ದರೆ ಅರ್ಜಿಯಲ್ಲಿ ಹೇಳಿ, ದುಭಾಷಿಯ ಖರ್ಚು ತೋರಿಸಿ.

ಜನಗಣತಿ ಬ್ಯೂರೋದ ಅಮೆರಿಕನ್ ಕಮ್ಯುನಿಟಿ ಸರ್ವೆಯ ಐದು ವರ್ಷದ ಅಂದಾಜನ್ನೇ ಬಳಸಿ, ಸಣ್ಣ ಪ್ರದೇಶಕ್ಕೆ ಸಿಗುವುದು ಅದೊಂದೇ. ಹಿಸ್ಪಾನಿಕ್ ಮೂಲಕ್ಕೆ ಬಿ03002, ಮನೆಮಾತು ಮತ್ತು ಇಂಗ್ಲಿಷ್ ಸಾಮರ್ಥ್ಯಕ್ಕೆ ಸಿ16001, ಹಿಸ್ಪಾನಿಕ್ ಜನರ ಬಡತನಕ್ಕೆ ಬಿ17020ಐ ಕೋಷ್ಟಕ. ಪ್ರತಿ ಅಂಕಿಯ ಪಕ್ಕದಲ್ಲೂ ದೋಷದ ಅಂತರ ಇರುತ್ತದೆ. 400 ಎಂಬ ಅಂಕಿಗೆ 250ರ ದೋಷದ ಅಂತರ ಇದ್ದರೆ ಅದನ್ನು ನೆಚ್ಚಬೇಡಿ, ಅಕ್ಕಪಕ್ಕದ ಎರಡು ಮೂರು ಟ್ರಾಕ್ಟ್ (ಜನಗಣತಿಯ ಸಣ್ಣ ವಿಭಾಗ) ಕೂಡಿಸಿ. ‘ನಮ್ಮ ಊರಲ್ಲಿ ಬಹಳ ಹಿಸ್ಪಾನಿಕ್ ಜನರಿದ್ದಾರೆ, ಅವರಿಗೆ ತುಂಬ ಕಷ್ಟ’ ಎಂಬ ವಾಕ್ಯಕ್ಕೆ ಯಾರೂ ಅಂಕ ಕೊಡರು. ‘ಈ ಮೂರು ಟ್ರಾಕ್ಟುಗಳಲ್ಲಿ ಇಂಗ್ಲಿಷ್ ಚೆನ್ನಾಗಿ ಬಾರದ ಇಷ್ಟು ಸ್ಪ್ಯಾನಿಷ್ ಭಾಷಿಕರಿದ್ದಾರೆ, ಎರಡು ಮೈಲಿಯೊಳಗೆ ಸಂಜೆ ಆರರ ನಂತರ ನಡೆಯುವ ಒಂದೂ ತರಗತಿ ಇಲ್ಲ, ಹತ್ತಿರದ ಕಾಲೇಜಿಗೆ ರಾತ್ರಿ ಎಂಟರ ಮೇಲೆ ಬಸ್ಸಿಲ್ಲ’ ಎಂದು ಬರೆದರೆ ಕೊರತೆ ಕಣ್ಣಿಗೆ ಕಟ್ಟುತ್ತದೆ.

ಹೆಜ್ಜೆ 5: ‘ಯಾರಿಗೆ ಲಾಭ’ ಎಂಬ ಪರೀಕ್ಷೆ

ಸಿಡಿಬಿಜಿಯ ಪ್ರತಿ ಡಾಲರೂ ಮೂರು ರಾಷ್ಟ್ರೀಯ ಉದ್ದೇಶಗಳಲ್ಲಿ ಒಂದನ್ನು ಈಡೇರಿಸಬೇಕು. ಸೇವಾ ಕಾರ್ಯಕ್ರಮಗಳಿಗೆ ಒಪ್ಪುವುದು ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಲಾಭ ಎಂಬ ಉದ್ದೇಶ. ಈ ಮಿತಿ ಎಂದರೆ ಪ್ರದೇಶದ ಮಧ್ಯಮಾಂಕ ಆದಾಯದ ಶೇ 80ರೊಳಗೆ, ಕುಟುಂಬದ ಗಾತ್ರಕ್ಕೆ ತಕ್ಕಂತೆ. ಹಡ್ ಪ್ರತಿವರ್ಷ ಹೊಸ ಪಟ್ಟಿ ಹೊರಡಿಸುತ್ತದೆ.

ಸಾಬೀತು ಮಾಡುವ ದಾರಿಗಳಲ್ಲಿ ಸಾಮಾನ್ಯವಾದವು ಮೂರು. ಒಂದು, ಬರುವವರಲ್ಲಿ ಕನಿಷ್ಠ ಶೇ 51 ಮಂದಿ ಮಿತಿಯೊಳಗಿದ್ದಾರೆಂದು ಆದಾಯದ ನಮೂನೆಯಿಂದ ತೋರಿಸುವುದು. ಎರಡು, ಹಡ್ ತಾನೇ ಅರ್ಹರೆಂದು ಭಾವಿಸುವ ಗುಂಪಿಗೆ ಸೇವೆ ಕೊಡುವುದು. ಹಿರಿಯರು, ಮನೆಯಿಲ್ಲದವರು, ಕೌಟುಂಬಿಕ ಹಿಂಸೆಗೆ ಸಿಕ್ಕವರು, ತೀವ್ರ ಅಂಗವೈಕಲ್ಯವುಳ್ಳ ವಯಸ್ಕರು, ಅನಕ್ಷರಸ್ಥ ವಯಸ್ಕರು, ವಲಸೆ ಕೃಷಿ ಕಾರ್ಮಿಕರು ಈ ಪಟ್ಟಿಯಲ್ಲಿದ್ದಾರೆ. ಸ್ಟ್ರಾಬೆರಿ, ಸೇಬು, ಲೆಟ್ಯೂಸ್ ಕೊಯ್ಲಿಗೆ ಊರೂರು ಅಲೆಯುವ ಕುಟುಂಬಗಳೊಂದಿಗೆ ಕೆಲಸ ಮಾಡುವವರಿಗೆ ಕೊನೆಯದು ದೊಡ್ಡ ಅನುಕೂಲ. ಮೂರು, ಕನಿಷ್ಠ ಶೇ 51 ಜನ ಮಿತಿಯೊಳಗಿರುವ ವಸತಿ ಪ್ರದೇಶಕ್ಕೆಲ್ಲ ಸೇವೆ ಕೊಡುವುದು. ಇದಕ್ಕೆ ಸರ್ವೆಯ ಕೋಷ್ಟಕ ನಡೆಯದು, ಹಡ್ ಪ್ರಕಟಿಸುವ ಬ್ಲಾಕ್ ಗ್ರೂಪ್ (ಟ್ರಾಕ್ಟಿನ ಒಳವಿಭಾಗ) ಅಂಕಿಗಳೇ ಬೇಕು. ‘ಹಿಸ್ಪಾನಿಕ್’ ಎಂಬುದು ಈ ಯಾವ ದಾರಿಯಲ್ಲೂ ಇಲ್ಲ. ‘ಇಂಗ್ಲಿಷ್ ಬಾರದವರು’ ಎಂದರೆ ‘ಅನಕ್ಷರಸ್ಥರು’ ಎಂದು ನೀವೇ ತೀರ್ಮಾನಿಸಿ ಎರಡನೇ ದಾರಿ ಹಿಡಿಯಬೇಡಿ. ಸ್ಪ್ಯಾನಿಷಿನಲ್ಲಿ ಪತ್ರಿಕೆ ಓದುವ ಮನುಷ್ಯನನ್ನು ಹಾಗೆ ಎಣಿಸಿದ್ದು ತಪಾಸಣೆಯಲ್ಲಿ ನಿಲ್ಲದಿರಬಹುದು. ಆದಾಯದ ನಮೂನೆಯನ್ನೇ ತುಂಬಿಸಿಕೊಳ್ಳುವುದು ಕ್ಷೇಮ.

ಲೆಕ್ಕ ಹೇಗೆ ಕೈಕೊಡುತ್ತದೆ ನೋಡಿ. 60 ಜನ ಸೇರಿದರು, ಎಲ್ಲರೂ ಕಡಿಮೆ ಆದಾಯದವರೇ. ಆದರೆ ನಮೂನೆ ತುಂಬಿದ್ದು 28 ಜನ. ನಮೂನೆ ತುಂಬದವರನ್ನು ಅರ್ಹರೆಂದು ಎಣಿಸಲಾಗದು. 60ಕ್ಕೆ 28 ಅಂದರೆ ಶೇ 46.7. ಶೇ 51ಕ್ಕೆ ಬೇಕಿದ್ದದ್ದು 31. ಮೂರು ಕಾಗದ ಕಡಿಮೆಯಾದ್ದಕ್ಕೆ ಇಡೀ ವರ್ಷದ ಖರ್ಚು ಅನರ್ಹವಾಗಿ, ಕೊಟ್ಟ ಹಣ ವಾಪಸ್ ಕೇಳುವ ಸ್ಥಿತಿ ಬರುತ್ತದೆ. ಆದ್ದರಿಂದ ಮೊದಲ ದಿನ, ಪುಸ್ತಕ ಕೈಗೆ ಕೊಡುವ ಮುನ್ನ, ನಮೂನೆ.

ಇನ್ನೊಂದು ನಿಯಮ: ಸೇವೆ ಹೊಸದಾಗಿರಬೇಕು, ಇಲ್ಲವೇ ಇದ್ದದ್ದು ಅಳೆಯಬಹುದಾದಷ್ಟು ಹೆಚ್ಚಬೇಕು. ನಗರವೋ ರಾಜ್ಯವೋ ಈವರೆಗೆ ಕೊಡುತ್ತಿದ್ದ ಹಣದ ಜಾಗದಲ್ಲಿ ಇದನ್ನು ತುಂಬುವಂತಿಲ್ಲ.

ಹೆಜ್ಜೆ 6: ಬಜೆಟ್

ವಾರಕ್ಕೆ ಎರಡು ಸಂಜೆ, ವರ್ಷಕ್ಕೆ 40 ವಾರ, 60 ಕಲಿಯುವವರು ಎಂದಿಟ್ಟುಕೊಂಡು ಒಂದು ಮಾದರಿ ಹಾಕೋಣ.

ಅರೆಕಾಲಿಕ ಸಂಯೋಜಕಿ: ವಾರಕ್ಕೆ 20 ಗಂಟೆ, 50 ವಾರ, ಗಂಟೆಗೆ 24 ಡಾಲರ್ = 24,000
ಶಿಕ್ಷಕಿ: ಸಂಜೆಗೆ ತಯಾರಿ ಸೇರಿ 3 ಗಂಟೆ, ಒಟ್ಟು 240 ಗಂಟೆ, ಗಂಟೆಗೆ 35 = 8,400
ತರಗತಿಯ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವವರು: ಸಂಜೆಗೆ ಎರಡೂವರೆ ಗಂಟೆ, ಒಟ್ಟು 200 ಗಂಟೆ, ಗಂಟೆಗೆ 18 = 3,600
ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಸಂಸ್ಥೆಯ ಪಾಲು: 36,000ಕ್ಕೆ ಶೇ 7.65 = 2,754
ಪುಸ್ತಕ, ಸಾಮಗ್ರಿ: ತಲಾ 30ರಂತೆ = 1,800
ಅನುವಾದ, ದುಭಾಷಿ = 1,200
ನೇರ ಖರ್ಚು ಒಟ್ಟು = 41,754
ಪರೋಕ್ಷ ಖರ್ಚು ಶೇ 15 = 6,263
ಒಟ್ಟು = 48,017 ಡಾಲರ್, ತಲಾ ಸುಮಾರು 800

ಪರೋಕ್ಷ ಖರ್ಚಿನ ಸಾಲನ್ನು ಸಂಕೋಚಪಟ್ಟು ಬಿಡಬೇಡಿ. ವಿದ್ಯುತ್, ಫೋನು, ಲೆಕ್ಕಿಗರ ಶುಲ್ಕ ಎಲ್ಲವೂ ನಿಜವಾದ ಖರ್ಚೇ. ಸರ್ಕಾರದೊಂದಿಗೆ ದರ ಒಪ್ಪಂದ ಇಲ್ಲದ ಸಂಸ್ಥೆಗೂ ಹಿಂದೆ ಶೇ 10ರವರೆಗೆ ಅವಕಾಶವಿತ್ತು, 2024ರ ಅಕ್ಟೋಬರ್ 1ರಿಂದ ಜಾರಿಯಾದ ಪರಿಷ್ಕೃತ ನಿಯಮಗಳಲ್ಲಿ ಅದು ಶೇ 15ರವರೆಗೆ ಏರಿದೆ. ಆದರೆ ಅದೇ ಫೋನ್ ಬಿಲ್ಲನ್ನು ನೇರ ಖರ್ಚಿನಲ್ಲೂ ತೋರಿಸಿದರೆ ಎರಡು ಬಾರಿ ವಸೂಲಿಯಾಗುತ್ತದೆ, ತಪಾಸಕರು ಮೊದಲು ಹುಡುಕುವುದೇ ಅದನ್ನು. ಮಕ್ಕಳ ಆರೈಕೆಯ 3,600ನ್ನು ಉಳಿತಾಯಕ್ಕೆಂದು ಕತ್ತರಿಸಬೇಡಿ. ಮಗುವನ್ನು ಬಿಡಲು ಜಾಗವಿಲ್ಲದ ತಾಯಿ ಮೂರನೇ ವಾರಕ್ಕೇ ತರಗತಿ ಬಿಡುತ್ತಾಳೆ.

ಉತ್ಸವ ಬೇರೆ, ಸೇವೆ ಬೇರೆ. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗಿನ ಹಿಸ್ಪಾನಿಕ್ ಪರಂಪರೆ ಮಾಸದ ಸಂಗೀತ, ಕುಣಿತ, ಊಟಕ್ಕೆ ಸಿಡಿಬಿಜಿಯಲ್ಲಿ ಹಣ ಕೇಳಬೇಡಿ. ಮನರಂಜನೆ, ಮದ್ಯ, ನೆನಪಿನ ಕಾಣಿಕೆಗಳಿಗೆ ಕೇಂದ್ರದ ಖರ್ಚಿನ ನಿಯಮ ಒಪ್ಪುವುದಿಲ್ಲ. ರಾಜ್ಯೋತ್ಸವ ನಡೆಸಿದ ಕನ್ನಡ ಕೂಟದವರಿಗೆ ಗೊತ್ತಿರುವಂತೆ, ಅದಕ್ಕೆ ರಾಜ್ಯದ ಅಥವಾ ಕೌಂಟಿಯ ಕಲಾ ಮಂಡಳಿಗಳೇ ಸರಿಯಾದ ಬಾಗಿಲು. ಅಲ್ಲಿ ಸಾಮಾನ್ಯವಾಗಿ ಕೇಳಿದಷ್ಟೇ ಮೊತ್ತವನ್ನು ನೀವೂ ಹೊಂದಿಸಬೇಕಾಗುತ್ತದೆ. ಕಟ್ಟಡ ದುರಸ್ತಿಯನ್ನೂ ಮೊದಲ ವರ್ಷ ಕೇಳಬೇಡಿ. ಪರಿಸರ ಪರಿಶೀಲನೆ, 2,000 ಡಾಲರ್ ಮೀರಿದ ಕಾಮಗಾರಿಗೆ ನಿಗದಿತ ಕೂಲಿಯ ನಿಯಮ, 1978ಕ್ಕಿಂತ ಹಳೆಯ ಮನೆಗಳಲ್ಲಿ ಸೀಸದ ಬಣ್ಣದ ತಪಾಸಣೆ ಇವನ್ನೆಲ್ಲ ಸಣ್ಣ ಸಂಸ್ಥೆ ತಡೆದುಕೊಳ್ಳುವುದು ಕಷ್ಟ.

ಹಣ ಮುಂಗಡ ಬರುವುದು ಅಪರೂಪ. ನೀವು ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೆ ನಗರ ತುಂಬಿಕೊಡುತ್ತದೆ. ಮೇಲಿನ ಬಜೆಟ್ಟಿಗೆ ತಿಂಗಳಿಗೆ ಸುಮಾರು 4,000 ಬೇಕು. ಕರಾರು ಸಹಿಯಾಗುವುದು ತಡವಾಗಿ, ಮೊದಲ ಬಿಲ್ಲು ತಿದ್ದುಪಡಿಗೆ ವಾಪಸ್ ಬಂದರೆ ಮೂರು ತಿಂಗಳು ಸುಲಭವಾಗಿ ಕಳೆಯುತ್ತದೆ. 12,000 ಡಾಲರ್ ಕೈಯಲ್ಲಿಟ್ಟುಕೊಳ್ಳದೆ ಶುರುಮಾಡಬೇಡಿ. ಕರಾರಿಗೆ ಮೊದಲು ಮಾಡಿದ ಖರ್ಚು ಲಿಖಿತ ಒಪ್ಪಿಗೆ ಇಲ್ಲದಿದ್ದರೆ ನಿಮ್ಮದೇ.

ಹೆಜ್ಜೆ 7: ನೋಂದಣಿ ಮೇಜಿನ ಮೇಲೆ

ಅನುದಾನ ಬಂದ ಮೇಲಿನ ಕೆಲಸದಲ್ಲಿ ಅತಿ ಮುಖ್ಯವಾದದ್ದು ಒಂದು ಹಾಳೆ. ಅದರಲ್ಲಿ ಹೆಸರು, ವಿಳಾಸ, ಕುಟುಂಬದ ಸದಸ್ಯರ ಸಂಖ್ಯೆ, ಆದಾಯ, ಹಿಸ್ಪಾನಿಕ್ ಹೌದೋ ಅಲ್ಲವೋ, ಜನಾಂಗ, ಸಹಿ, ದಿನಾಂಕ ಇರುತ್ತವೆ.

ಹೆಸರಿನಲ್ಲೇ ಮೊದಲ ತೊಡಕು. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯ ಕಡೆಯದು, ತಾಯಿಯ ಕಡೆಯದು ಎಂದು ಎರಡು ಮನೆತನದ ಹೆಸರುಗಳು. ಗಾರ್ಸಿಯಾ ಲೋಪೆಸ್ ಎಂಬಾಕೆ ಸೆಪ್ಟೆಂಬರಿನಲ್ಲಿ ಗಾರ್ಸಿಯಾ ಎಂದೂ ಜನವರಿಯಲ್ಲಿ ಲೋಪೆಸ್ ಎಂದೂ ದಾಖಲಾದರೆ ಒಬ್ಬಾಕೆಯೇ ಇಬ್ಬರಾಗುತ್ತಾಳೆ. ಇನಿಶಿಯಲ್ ಬಿಡಿಸಿ ಬರೆದು ತಂದೆಯ ಹೆಸರೇ ಸರ್‌ನೇಮ್ ಆಗಿಹೋದ ಕನ್ನಡಿಗರಿಗೆ ಈ ಗೋಳು ಹೊಸದೇನಲ್ಲ. ನಮೂನೆಯಲ್ಲಿ ಎರಡು ಖಾನೆ ಮಾಡಿ, ಜನ್ಮದಿನಾಂಕ ಸೇರಿಸಿ. ನಗರ ಕೇಳುವುದು ವರ್ಷದಲ್ಲಿ ಒಬ್ಬರನ್ನು ಒಮ್ಮೆ ಮಾತ್ರ ಎಣಿಸಿದ ಸಂಖ್ಯೆ. ಹಾಜರಿಯನ್ನೆಲ್ಲ ಕೂಡಿಸಿ ‘1,900 ಜನರಿಗೆ ಸೇವೆ’ ಎಂದು ಬರೆದವರು ಆಮೇಲೆ ತಿದ್ದುಪಡಿ ಪತ್ರ ಬರೆಯಬೇಕಾಗುತ್ತದೆ.

ಎರಡನೆಯ ತೊಡಕು ಜನಾಂಗದ ಖಾನೆ. ಹಿಸ್ಪಾನಿಕ್ ಎಂದು ಗುರುತು ಹಾಕಿದವರು ಜನಾಂಗದ ಖಾನೆ ಖಾಲಿ ಬಿಡುತ್ತಾರೆ, ಏಕೆಂದರೆ ಅವರ ಪಾಲಿಗೆ ಉತ್ತರ ಆಗಲೇ ಕೊಟ್ಟಾಯಿತು. ಆದರೆ ನಗರ ಹಡ್‌ನ ಐಡಿಸ್ ಎಂಬ ಗಣಕ ವ್ಯವಸ್ಥೆಗೆ ಅಂಕಿ ಏರಿಸುವಾಗ ಜನಾಂಗಗಳ ಮೊತ್ತ ಒಟ್ಟು ಜನಸಂಖ್ಯೆಗೆ ಸರಿಹೊಂದಬೇಕು. ಹಿಸ್ಪಾನಿಕ್ ಸಂಖ್ಯೆ ಅದರೊಳಗಿನ ಒಂದು ಭಾಗ. 60 ಜನರಲ್ಲಿ 40 ಖಾಲಿ ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಮೇಜಿನಿಂದ ಏಳುವ ಮುನ್ನವೇ ಎರಡೂ ಪ್ರಶ್ನೆ ಏಕೆಂದು ಅವರ ಭಾಷೆಯಲ್ಲಿ ಹೇಳಿ ಅವರಿಂದಲೇ ಗುರುತು ಹಾಕಿಸಿ. ಮುಖ ನೋಡಿ ನೀವು ತುಂಬುವುದು ಸರಿಯಲ್ಲ.

ಮೂರನೆಯದು ಭಯ. ಆದಾಯ, ವಿಳಾಸ ಕೇಳಿದೊಡನೆ ಪೆನ್ನು ಕೆಳಗಿಡುವವರಿದ್ದಾರೆ. ಅವರಿಗೆ ಹುಸಿ ಭರವಸೆ ಕೊಡಬೇಡಿ. ಹಡ್‌ಗೆ ಹೋಗುವ ವರದಿಯಲ್ಲಿ ಒಟ್ಟು ಸಂಖ್ಯೆಗಳಿರುತ್ತವೆ, ಆದರೆ ಹೆಸರಿರುವ ಕಡತವನ್ನು ತಪಾಸಕರು ತೆರೆದು ನೋಡಬಹುದು ಎಂದು ನೇರವಾಗಿ ಹೇಳಿ. ಕರಾರು ಕೇಳದ ಯಾವ ಮಾಹಿತಿಯನ್ನೂ ಸಂಗ್ರಹಿಸಬೇಡಿ. ವಲಸೆ ಸ್ಥಿತಿಗತಿಯ ಬಗ್ಗೆ ಕರಾರಿನಲ್ಲಿ ಷರತ್ತಿದ್ದರೆ ಅದರ ಅರ್ಥವನ್ನು ನಗರದಿಂದ ಲಿಖಿತವಾಗಿ ಪಡೆಯಿರಿ, ಅದಾದ ಮೇಲೆ ನಮೂನೆ ಮುದ್ರಿಸಿ. ಕಡತ ಇಡುವ ಬೀರುವಿಗೆ ಬೀಗ ಇರಲಿ, ಕೀಲಿ ಇಬ್ಬರ ಬಳಿ ಮಾತ್ರ.

ಹೆಜ್ಜೆ 8: ಬಿಲ್ಲು, ವರದಿ, ಕಡತ

ಪ್ರತಿ ಬಿಲ್ಲಿಗೂ ನಾಲ್ಕು ಕಾಗದ: ಇನ್‌ವಾಯ್ಸ್, ಹಣ ಕೊಟ್ಟ ಪುರಾವೆ, ವೇತನವಾದರೆ ಕೆಲಸದ ಗಂಟೆಗಳ ಹಾಳೆ, ಬಜೆಟ್ಟಿನ ಯಾವ ಸಾಲು ಎಂಬ ಟಿಪ್ಪಣಿ. ಗಂಟೆಯ ಹಾಳೆ ನಿಜವಾಗಿ ಮಾಡಿದ ಕೆಲಸವನ್ನು ತೋರಿಸಬೇಕು. ಸಂಯೋಜಕಿಯ ಅರ್ಧ ಸಂಬಳ ಈ ಅನುದಾನದಿಂದ, ಅರ್ಧ ಬೇರೆ ಕಡೆಯಿಂದ ಎಂದಿದ್ದರೆ, ವಾರ ವಾರವೂ ಅಚ್ಚು ಹಾಕಿದಂತೆ 20-20 ಗಂಟೆ ಬರೆದ ಹಾಳೆ ಅನುಮಾನಕ್ಕೆ ಕಾರಣವಾಗುತ್ತದೆ. ಒಂದು ವಾರ 17, ಇನ್ನೊಂದು ವಾರ 23 ಆಗುವುದು ಸಹಜ, ಹಾಗೇ ಬರೆಯಿರಿ. ಮಂಡಳಿಯ ಸದಸ್ಯರ ಬಂಧುಗಳಿಂದ ಸರಕು, ಸೇವೆ ಕೊಳ್ಳಬೇಡಿ. ಸಣ್ಣ ಊರಿನಲ್ಲಿ ಅದು ಎಷ್ಟೇ ಅನುಕೂಲ ಅನ್ನಿಸಿದರೂ ಹಿತಾಸಕ್ತಿ ಸಂಘರ್ಷದ ನಿಯಮ ಅಡ್ಡಬರುತ್ತದೆ.

60 ಜನ ಎಂದು ಬರೆದು ಆರನೇ ತಿಂಗಳಲ್ಲಿ 19 ಇದ್ದರೆ ಮುಚ್ಚಿಡಬೇಡಿ. ಆಗಲೇ ನಗರದ ಅಧಿಕಾರಿಗೆ ಬರೆದು, ಸಮಯ ಬದಲಿಸುತ್ತೀರೋ ಜಾಗ ಬದಲಿಸುತ್ತೀರೋ ತಿಳಿಸಿ, ಬಜೆಟ್ ತಿದ್ದುಪಡಿ ಕೇಳಿ. ವರ್ಷದ ಕೊನೆಯಲ್ಲಿ ಉಳಿದ ಹಣಕ್ಕೆ ಆತುರದಲ್ಲಿ ಲ್ಯಾಪ್‌ಟಾಪ್ ಕೊಂಡರೆ ಅದು ಒಪ್ಪಿಗೆಯಾಗುವುದು ಕಷ್ಟ. ಒಂದು ವರ್ಷದಲ್ಲಿ ಎಲ್ಲ ಮೂಲಗಳಿಂದ ಸೇರಿ ಕೇಂದ್ರದ 10 ಲಕ್ಷ ಡಾಲರ್ ಖರ್ಚು ಮಾಡಿದರೆ ಸಿಂಗಲ್ ಆಡಿಟ್ (ಸ್ವತಂತ್ರ ಲೆಕ್ಕಪರಿಶೋಧಕರ ಪೂರ್ಣ ತಪಾಸಣೆ) ಕಡ್ಡಾಯ. ಹಿಂದೆ ಆ ಮಿತಿ 7,50,000 ಇತ್ತು. ಸಣ್ಣ ಸಂಸ್ಥೆಗಳಿಗೆ ಅದು ದೂರದ ಮಾತು, ಆದರೂ ನಗರದ ತಪಾಸಕರು ಕಡತ ನೋಡಲು ಬಂದೇ ಬರುತ್ತಾರೆ.

ಕಡತಗಳನ್ನು ಕನಿಷ್ಠ 3 ವರ್ಷ ಇಡಬೇಕು. ಕರಾರಿನಲ್ಲಿ ಹೆಚ್ಚು ವರ್ಷ ಬರೆದಿದ್ದರೆ ಅದೇ ಅನ್ವಯ, ಆಡಿಟ್ ಅಥವಾ ತಕರಾರು ಬಾಕಿ ಇದ್ದರೆ ಅದು ಮುಗಿಯುವವರೆಗೂ. ಪೆಟ್ಟಿಗೆಯ ಮೇಲೆ ಕರಾರಿನ ಸಂಖ್ಯೆ, ಅನುದಾನ ವರ್ಷ, ನಾಶಪಡಿಸಬಹುದಾದ ದಿನಾಂಕ ಮೂರನ್ನೂ ದಪ್ಪ ಮಾರ್ಕರಿನಲ್ಲಿ ಬರೆದು, ಆ ಪೆಟ್ಟಿಗೆ ಎಲ್ಲಿದೆ ಎಂಬುದನ್ನು ಮಂಡಳಿಯ ನಡಾವಳಿಯಲ್ಲಿ ಸೇರಿಸಿ. ಮೂರು ವರ್ಷದಲ್ಲಿ ಖಜಾಂಚಿ ಬದಲಾಗಿರುತ್ತಾರೆ, ಹೊಸಬರು ಹುಡುಕಬೇಕಾದದ್ದು ಅಲ್ಲೇ.